ಮೂರು ಜೊತೆ ಎತ್ತಿನ ಹೊಲ

ನಗಬಾರದ ಜಾಗದಲ್ಲೇ ನಗು ಜಾಸ್ತಿ ಬರುತ್ತದೆ. ಸಾವಿನ ಮನೆ ಬಿಟ್ಟರೆ ಅಂಥ ಇನ್ನೊಂದು ಜಾಗ ಸರ್ಕಾರಿ ಕಚೇರಿ. ಎಪ್ಪತ್ತರ ದಶಕದ ನಡುವೆ ಉಳುವವನಿಗೇ ಭೂಮಿ ಎಂದು ಕಾನೂನು ಬಂದಾಗ ನಾನು ಹಿರಿಯೂರಿನಲ್ಲಿ ಭೂನ್ಯಾಯ ಮಂಡಳಿಯ ಗುಮಾಸ್ತನಾಗಿದ್ದೆ. ಇನ್ನೊಬ್ಬರ ಹೊಲವನ್ನು ಗೇಣಿಗೆ ಮಾಡುತ್ತಿದ್ದವರು ಏಳನೇ ನಂಬರಿನ ಫಾರಂ ತುಂಬಿ ಕೊಡಬೇಕು. ಮಂಡಳಿ ವಿಚಾರಣೆ ಮಾಡಿ ಹೊಲ ಯಾರದೆಂದು ತೀರ್ಮಾನಿಸಬೇಕು. ಊರಿಗೆ ಊರೇ ಎರಡು ಪಕ್ಷವಾಗಿತ್ತು. ದುಡಿದವನಿಗೆ ದಕ್ಕಲಿ ಎನ್ನುವವರು ಒಂದು ಕಡೆ. ಒಬ್ಬರದು ಕಿತ್ತು ಇನ್ನೊಬ್ಬರಿಗೆ ಕೊಟ್ಟರೆ ನಾಳೆ ಮೈಬಗ್ಗಿಸಿ ದುಡಿಯುವವರು ಯಾರು ಎನ್ನುವವರು ಇನ್ನೊಂದು ಕಡೆ. ನಾನು ಸರ್ಕಾರಿ ನೌಕರ, ನನಗೆ ಪಕ್ಷ ಇರಬಾರದು. ಇತ್ತು. ಯಾವುದೆಂದು ಮುಚ್ಚಿಡುವ ಚಾಳಿ ನನ್ನದಲ್ಲ.

ಎತ್ತಿನ ಲೆಕ್ಕ

ಒಂದು ಬೆಳಿಗ್ಗೆ ಜವನಗೊಂಡನಹಳ್ಳಿ ಕಡೆಯಿಂದ ಒಬ್ಬ ಹೆಂಗಸು ಬಂದಳು. ಕುರಿ ಕಾಯುವ ಮನೆತನ. ಗಂಡ ತೀರಿಕೊಂಡಿದ್ದ. ಹಿರಿಯೂರಿನ ತೆಂಗಿನಕಾಯಿ ಮಂಡಿಯ ಸಾಹುಕಾರರೊಬ್ಬರ ನಾಲ್ಕು ಎಕರೆ ಹೊಲವನ್ನು ಗೇಣಿಗೆ ಮಾಡುತ್ತಿದ್ದೇನೆ, ಅದು ನನ್ನ ಹೆಸರಿಗೆ ಆಗಬೇಕು ಎಂದಳು. ಅವಳಿಗೆ ಇದ್ದದ್ದು ಅದೊಂದೇ. ಕಾನೂನು ಬಂದ ತಿಂಗಳಲ್ಲೇ ಸಾಹುಕಾರರು "ಹೊಲ ಬಿಟ್ಟು ಹೋಗು, ನಾನೇ ಮಾಡ್ಕಂತೀನಿ" ಎಂದು ಹೇಳಿ ಕಳಿಸಿದ್ದರಂತೆ.

ನಾನು ಫಾರಂ ತೆಗೆದು ಕೇಳಿದೆ, "ಎಷ್ಟು ವರ್ಷದಿಂದ ಸಾಗುವಳಿ ಮಾಡ್ತಿದೀಯಮ್ಮ?"

"ಮೂರು ಜೊತೆ ಎತ್ತಾತು ಸಾಮಿ."

"ವರ್ಷ ಹೇಳಮ್ಮ."

"ಅದೇ ಹೇಳಿದ್ನಲ್ಲ. ಮೊದಲ್ನೇ ಜೊತೆ ನಮ್ಮ ಮಾವ ಕಟ್ಟಿದ್ದು. ಎರಡನೇ ಜೊತೇಲಿ ನಮ್ಮ ಯಜಮಾನ ಹೋದ್ರು. ಮೂರನೇ ಜೊತೆ ನಾನೇ ಕಟ್ಟಿರೋದು. ಇನ್ನೂ ಗಟ್ಟಿಯಾಗವೆ."

ಒಂದು ಜೊತೆ ಎತ್ತು ಎಷ್ಟು ವರ್ಷ ದುಡಿಯುತ್ತದೆ ಎಂದು ಕಚೇರಿಯಲ್ಲೇ ಚರ್ಚೆ ಶುರುವಾಯಿತು. ಟೈಪಿಸ್ಟು ಎಂಟು ಎಂದ. ಕಚೇರಿಯ ಜವಾನ, ದಲಾಯತ ಮುದುಕ, ಹನ್ನೆರಡು ಎಂದ. ನಾನು ಹೊಳಲ್ಕೆರೆಯವನು, ನಮ್ಮ ಕಡೆ ಹತ್ತು ಎಂದೆ. ಯಾವುದೂ ನಿಕ್ಕಿಯಾಗದೆ, ವರ್ಷದ ಕಾಲಮಿನಲ್ಲಿ ಅವಳು ಹೇಳಿದ ಹಾಗೆಯೇ 'ಮೂರು ಜೊತೆ ಎತ್ತು' ಎಂದು ಬರೆದು ಹೆಬ್ಬೆಟ್ಟು ಒತ್ತಿಸಿದೆ.

ಎರಡು ದಿನದ ಮೇಲೆ ಫೈಲು ಸೂಪರಿಂಟೆಂಡೆಂಟರ ಮೇಜಿನಿಂದ ವಾಪಸು ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: 'ಸದರಿ ಎತ್ತುಗಳ ಜನನ ದಾಖಲೆ ಹಾಜರುಪಡಿಸತಕ್ಕದ್ದು.'

ಇಡ್ಲಿಯ ಮುಂದೆ ವಾದ

ನಮ್ಮ ಕಚೇರಿಯ ಎದುರಿಗೆ ಒಂದು ಹೋಟೆಲಿತ್ತು. ನಿಜವಾದ ಭೂನ್ಯಾಯ ಮಂಡಳಿ ಅಲ್ಲೇ ನಡೆಯುತ್ತಿತ್ತು ಎಂದರೂ ತಪ್ಪಿಲ್ಲ. ಬೆಳಿಗ್ಗೆ ಎಂಟಕ್ಕೆ ಸಾಹುಕಾರರು ಬಂದು ಗೋಡೆ ಬದಿಯ ಮೇಜಿಗೆ ಕುಂತರೆ ವಾದ ಶುರು. ಎದುರಾಳಿ ಒಬ್ಬ ರಿಟೈರಾದ ಮೇಷ್ಟ್ರು.

"ಇರೋರ ಹತ್ರ ತಗಂಡು ಇಲ್ಲದೋರಿಗೆ ಹಂಚಬೇಕು. ಅದೇ ನ್ಯಾಯ," ಎಂದು ಮೇಷ್ಟ್ರು ಮೇಜು ಗುದ್ದಿದರು.

"ಮೇಷ್ಟ್ರೇ, ನಮ್ಮಪ್ಪ ಕಷ್ಟಪಟ್ಟು ಮಾಡಿದ ಹೊಲ ಅದು."

"ನಿಮ್ಮಪ್ಪ ಪಟ್ರು. ನೀವು?"

"ಅಪ್ಪ ಮಾಡಿದ್ದನ್ನ ಉಳಿಸ್ಕಳಾದು ಕಮ್ಮಿ ಕಷ್ಟ ಅನ್ಕಂಡ್ರಾ? ನಿದ್ದೆ ಬರಲ್ಲ ನಂಗೆ!"

ಪಕ್ಕದ ಬೆಂಚಿನಲ್ಲಿ ಮಂಡಿಯ ಹಮಾಲಿಯೊಬ್ಬ ಟೀ ಕುಡಿಯುತ್ತಿದ್ದ. "ನಂಗೆ ಬಿದ್ದ ತಕ್ಷಣ ನಿದ್ದೆ ಬರ್ತೈತೆ ಸಾಹುಕಾರ್ರೆ. ಬೇಕಾದ್ರೆ ನಾಳೆಯಿಂದ ಕೆಲಸ ಬದಲಿ ಮಾಡ್ಕಳಾಣ," ಎಂದ.

ಎಲ್ಲರೂ ನಕ್ಕರು. ಸಾಹುಕಾರರಿಗೆ ರೇಗಿತು. ಎದ್ದು ನಿಂತು, ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದರು. "ನಂದು ಒಂದೇ ಮಾತು. ಬೆವರು ಸುರಿಸಿದೋನು ಮಾತ್ರ ತಿನ್ನಬೇಕು! ಬಿಟ್ಟಿ ಕೂಳು ಯಾರಿಗೂ ಕೂಡದು!"

ಹೋಟೆಲಿನ ಯಜಮಾನ ಗಲ್ಲಾಪೆಟ್ಟಿಗೆ ಬಿಟ್ಟು ಇಳಿದು ಬಂದು, ಸಾಹುಕಾರರ ಮುಂದಿದ್ದ ಇಡ್ಲಿ ತಟ್ಟೆಯನ್ನು ಸುಮ್ಮನೆ ಎತ್ತಿಕೊಂಡ.

"ಯಾಕಯ್ಯಾ?"

"ನೀವೇ ಹೇಳಿದ್ರಲ್ಲ ಸಾಹುಕಾರ್ರೆ. ಹೊರಗೆ ಸೌದೆ ಐತೆ, ಒಂದೆರಡು ಸೀಳಿ ಬರ್ರಿ. ಬಿಸಿದು ಕೊಡ್ತೀನಿ."

ಬಿಸಿಲಲ್ಲಿ ಕೊಪ್ಪೆ

ವಿಚಾರಣೆಯ ದಿನ ಬಂತು. ಮಂಡಳಿಗೆ ಎ.ಸಿ. ಸಾಹೇಬರೇ ಅಧ್ಯಕ್ಷರು. ಸದಸ್ಯರಲ್ಲಿ ಒಬ್ಬರು ಬಬ್ಬೂರು ಕಡೆಯ ವಯಸ್ಸಾದ ರೈತರು. ಸಾಹುಕಾರರು ಚಿತ್ರದುರ್ಗದಿಂದ ಒಬ್ಬ ವಕೀಲರನ್ನು ಕರೆಸಿದ್ದರು. ಆ ವಕೀಲರು ಎಂಥ ಬುದ್ಧಿ ಹೇಳಿಕೊಟ್ಟಿದ್ದರೋ, ದಿನಾ ಇಸ್ತ್ರಿ ಪಂಚೆ ಉಟ್ಟು ಬರುತ್ತಿದ್ದ ಸಾಹುಕಾರರು ಅವತ್ತು ರೈತನ ವೇಷದಲ್ಲಿ ಬಂದರು. ಮಾಸಿದ ಪಂಚೆ, ಬರಿಗಾಲು. ಕಂಬಳಿಯನ್ನು ಕುರಿಗಾಹಿಗಳು ಮಳೆಗೆ ತಲೆಯಿಂದ ಇಳಿಬಿಟ್ಟುಕೊಳ್ಳುವ ಹಾಗೆ ಕೊಪ್ಪೆ ಮಾಡಿ ಹಾಕಿಕೊಂಡಿದ್ದರು. ಹೊರಗೆ ಮಟಮಟ ಬಿಸಿಲು. ಕಾದ ಜಲ್ಲಿಯ ಮೇಲೆ ಚಪ್ಪಲಿಯಿಲ್ಲದ ಕಾಲಿನಲ್ಲಿ ಕುಣಿಯುತ್ತ ಒಳಗೆ ಬಂದರು. ಮುಖದ ಮೇಲೆ ಬೆವರು ಧಾರಾಕಾರ. ದುಡಿದು ಬಂದ ಬೆವರು ಎಂದು ವಕೀಲರು ವಾದಿಸಬಹುದಿತ್ತು.

ರೈತ ಸದಸ್ಯರು ಕಿಟಕಿಯಿಂದ ಆಕಾಶ ನೋಡಿದರು, ಆಮೇಲೆ ಸಾಹುಕಾರರನ್ನು ನೋಡಿದರು.

"ಸಾಹುಕಾರ್ರೆ, ಮಳೆ ಎಲ್ಲೈತೆ?"

"ರೈತ ಅಂದ್ಮೇಲೆ ಯಾವಾಗ್ಲೂ ತಯಾರಿರಬೇಕು ಸಾರ್," ಎಂದು ಸಾಹುಕಾರರು ಬೆವರು ಒರೆಸಿಕೊಂಡರು.

ಎ.ಸಿ. ಸಾಹೇಬರು ಕೆಮ್ಮಿದ ಹಾಗೆ ಮಾಡಿ ನಗು ನುಂಗಿದರು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, "ಇವರು ಹೇಳೋದಕ್ಕೆ ನಿನ್ನ ತಕರಾರು ಏನಮ್ಮ?" ಎಂದು ಕೇಳಿದರು.

ಅವಳು ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದವಳು ಒಂದು ಹೆಜ್ಜೆ ಮುಂದೆ ಬಂದಳು.

"ಹೊಲದ ಮಾತು ಆಮೇಲಾಡಾಣ ಸಾಮಿ. ಆ ಕಂಬಳಿ ನಮ್ಮ ಮೈದುನಂದು, ಬೆಳಿಗ್ಗೆ ಇಸ್ಕಂಡು ಬಂದವ್ರೆ. ಸಂಜೆ ಕುರಿ ಹಟ್ಟಿಗೆ ಹೋಗ್ಬೇಕು ಅವನು. ಮೊದಲು ಅದನ್ನ ಬಿಚ್ಚಿ ಕೊಡಾಕೆ ಹೇಳ್ರಿ."

ನಮ್ಮ ಮನೆಯ ಅರ್ಜಿ

ಈ ಕತೆಯನ್ನೆಲ್ಲ ನಾನು ಮನೆಯಲ್ಲಿ ಹೇಳಿ ತಪ್ಪು ಮಾಡಿದೆ. ಒಂದು ದಿನ ಊಟಕ್ಕೆ ಕುಂತಾಗ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಕೇಳಿದಳು.

"ಉಳೋನಿಗೆ ಹೊಲ ಅಂದ್ರೆ, ಅಟ್ಟೋಳಿಗೆ ಅಡಿಗೆಮನೆ ಅಲ್ವೇನ್ರಿ?"

"ಹೌದು, ಅಡಿಗೆಮನೆ ನಿಂದೇ," ಎಂದೆ. ಸಾರು ಬಿಸಿಯಾಗಿತ್ತು, ವಾದ ಬೇಕಿರಲಿಲ್ಲ.

"ಕಸ ಗುಡ್ಸಿ ಸಾರಿಸೋಳು ನಾನು. ಹಂಗಾದ್ರೆ ನಡುಮನೆ?"

"ಅದೂ ನಿಂದೇ."

"ನೀವು ಈ ಮನೇಲಿ ಎಲ್ಲಿ ಬೆವರು ಸುರಿಸಿದೀರಾ, ಹೇಳ್ರಿ."

ಎಷ್ಟು ಯೋಚಿಸಿದರೂ ಜಗಲಿಯ ಕುರ್ಚಿ ಬಿಟ್ಟು ಇನ್ನೇನೂ ಹೊಳೆಯಲಿಲ್ಲ. ಅಲ್ಲೂ ಬೆವರಿದ್ದು ಸೆಕೆಗೆ. ಅವಳು ಅನ್ನ ಬಡಿಸುತ್ತಾ ಕೊನೆಗೆ ಹೇಳಿದಳು, "ನನ್ನದು ಆಮೇಲೆ ನೋಡಾಣ. ಆ ಹೆಣ್ಣುಮಗಳಿಗೆ ಹೊಲ ಆಗ್ಲಿಲ್ಲ ಅಂದ್ರೆ ನೀವು ಜಗಲಿ ದಾಟಿ ಒಳಗೆ ಬರಬ್ಯಾಡ್ರಿ."

ಅವಳ ಅರ್ಜಿ ಇಂದಿಗೂ ಇತ್ಯರ್ಥವಾಗಿಲ್ಲ. ಸ್ವಾಧೀನ ಮಾತ್ರ ಪೂರ್ತಿ ಅವಳದೇ.

ಹೊಲದಲ್ಲಿ ವಿಚಾರಣೆ

ಕಂಬಳಿಗೆ ನಕ್ಕದ್ದೇನೋ ನಿಜ. ಆದರೆ ನಗು ಪಹಣಿಯನ್ನು ತಿದ್ದುವುದಿಲ್ಲ. ಪಹಣಿಯಲ್ಲಿ ಸಾಹುಕಾರರ ಹೆಸರಿನ ಮುಂದೆ 'ಸ್ವಂತ ಸಾಗುವಳಿ' ಎಂದಿತ್ತು. ಊರಿನ ಇಬ್ಬರು ಬಂದು, ಈಯಮ್ಮ ಉತ್ತಿದ್ದನ್ನು ನಾವು ಕಂಡೇ ಇಲ್ಲ ಎಂದು ಸಾಕ್ಷಿ ಹೇಳಿ ಹೋದರು.

"ಹೆಂಗಸು ನೇಗಿಲು ಹಿಡಿಯೋದು ಎಲ್ಲಾದರೂ ಉಂಟೆ ಸ್ವಾಮಿ?" ಎಂದು ವಕೀಲರು ಎರಡೂ ಕೈ ಚಾಚಿದರು.

"ಹೆಂಗಸು ನೇಗಿಲು ಮುಟ್ಟಿದ್ರೆ ಮಳೆ ಹೋಗ್ತೈತೆ ಅಂತಾರೆ ಊರಾಗೆ," ಎಂದಳು ಅವಳು. "ಅದಕ್ಕೇ ಊರು ಏಳೋ ಮುಂಚೆ ಉತ್ತು ಎತ್ತು ಹೊಡ್ಕಂಡು ಬಂದುಬಿಡ್ತಿದ್ದೆ. ಯಾರು ನೋಡ್ತಾರೆ ಸಾಮಿ?"

ಯಾರೂ ನೋಡದ ಉಳುಮೆಗೆ ಸಾಕ್ಷಿ ಎಲ್ಲಿಂದ ತರುವುದು? ನಾನು ಮನಸ್ಸಿನಲ್ಲೇ ಆ ಫೈಲು ಮುಚ್ಚಿದೆ. ಆಗ ರೈತ ಸದಸ್ಯರು, "ಇಲ್ಲಿ ಕುಂತ್ರೆ ಏನೂ ತಿಳಿಯಲ್ಲ. ನಡ್ರಿ, ಹೊಲದಾಗೇ ನೋಡಾಣ. ಸಾಹುಕಾರ್ರು ಉತ್ತು ತೋರಿಸ್ಲಿ," ಎಂದರು. ಸಾಹೇಬರು ಒಪ್ಪಿ ಹದಿನೈದು ದಿನ ಬಿಟ್ಟು ದಿನ ಗೊತ್ತು ಮಾಡಿದರು.

ಆ ದಿನ ಜೀಪಿನಲ್ಲಿ ಹೋದೆವು. ಮಳೆ ಬಿದ್ದು ನೆಲ ಹದವಾಗಿತ್ತು. ಬೆಳಿಗ್ಗೆಯೇ ಯಾರೋ ಹೊಲದ ಒಂದು ಮೂಲೆ ಉತ್ತಿದ್ದರು. ಮರದ ನೇಗಿಲೊಂದು ಬದುವಿನ ಮೇಲೆ ಒರಗಿತ್ತು. ಊರೆಲ್ಲ ಸೇರಿತ್ತು. ಸಾಹುಕಾರರು ಒಳ್ಳೆ ಜೋಡಿ ಎತ್ತು ಹೊಡೆಸಿಕೊಂಡು ಬಂದಿದ್ದರು.

"ನೇಗಿಲೆಲ್ಲಿ?" ಎಂದರು ರೈತ ಸದಸ್ಯರು.

ಸಾಹುಕಾರರು ಸುತ್ತ ನೋಡಿ, "ಇಲ್ಲೇ ಐತಲ್ಲ! ನನ್ನ ಹೊಲದಾಗಿರಾದು ನಂದೇ," ಎಂದು ಬದುವಿನ ಮೇಲಿದ್ದುದನ್ನೇ ಎತ್ತಿಸಿ ಕಟ್ಟಿಸಿದರು. ಆ ಹೆಂಗಸು ಬಾಯಿ ತೆರೆದವಳು ಮುಚ್ಚಿಕೊಂಡಳು.

ನಾವೆಲ್ಲ ನಗಲು ತಯಾರಾಗಿ ನಿಂತಿದ್ದೆವು. ನಗು ಬರಲಿಲ್ಲ. ಸಾಹುಕಾರರು ಹದಿನೈದು ದಿನ ತಮ್ಮ ತೆಂಗಿನ ತೋಟದಲ್ಲಿ ಗುಟ್ಟಾಗಿ ಉಳುವುದನ್ನು ಕಲಿತು ಬಂದಿದ್ದರು! ನೇಗಿಲ ಮೇಳಿ ಹಿಡಿದರು, ಎತ್ತಿಗೆ ಹೇಳುವ ಮಾತು ಹೇಳಿದರು, ಸಾಲು ನೆಟ್ಟಗೆ ಬಂತು. ವಕೀಲರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅವಳ ಹೊಲ ಹೋಯಿತು, ನನ್ನ ಮನೆಯೂ ಹೋಯಿತು ಎಂದುಕೊಂಡೆ.

ನಾಲ್ಕನೇ ಸಾಲಿನ ನಡುವೆ, ಬದುವಿನ ಮೇಲೆ ಕುಂತಿದ್ದ ಅವಳು ದಡಕ್ಕನೆ ಎದ್ದಳು.

"ಸಾಹುಕಾರ್ರೆ, ಎತ್ರಿ! ನೇಗಿಲು ಎತ್ರಿ!"

"ಗಮನ ತಪ್ಪಿಸ್ತಾಳೆ, ಕೇಳಬೇಡಿ!" ಎಂದು ವಕೀಲರು ಕೂಗಿದರು.

"ಸುಮ್ಕಿರಮ್ಮ, ನನ್ನ ಹೊಲ ನಂಗೊತ್ತು!" ಎಂದು ಸಾಹುಕಾರರು ಎತ್ತುಗಳನ್ನು ಇನ್ನೂ ಜೋರಾಗಿ ಹೊಡೆದರು.

ಫಟಾರ್ ಎಂದಿತು. ನೇಗಿಲ ತುದಿಯ ಕಬ್ಬಿಣದ ಕುಳ ಮಣ್ಣಿನೊಳಗಿನ ಬಂಡೆಗೆ ಬಡಿದು ನೇಗಿಲು ಎರಡು ತುಂಡು. ಸಾಹುಕಾರರು ಮೇಳಿಯ ಮೇಲಿಂದ ಹಾರಿ, ಎತ್ತುಗಳ ಹಿಂದೆ ಸಾಷ್ಟಾಂಗ ಬಿದ್ದರು. ಅಪ್ಪನ ಕಾಲದಿಂದ ಆ ನೆಲಕ್ಕೆ ಅವರು ಮಾಡಿದ ಮೊದಲ ನಮಸ್ಕಾರ ಅದೇ ಇರಬೇಕು.

ಸಾಹೇಬರು ಹೋಗಿ ಬೂಟಿನಿಂದ ಮಣ್ಣು ಸರಿಸಿದರು. ಗೇಣುದ್ದದ ಕೆಳಗೆ ಹಂಡೆಯಷ್ಟು ದೊಡ್ಡ ಬಂಡೆ. ಮೇಲಿಂದ ಏನೂ ಕಾಣುತ್ತಿರಲಿಲ್ಲ.

"ನಿನಗೆ ಹೇಗೆ ಗೊತ್ತಾಯ್ತಮ್ಮ?"

"ದಿನಾ ಎತ್ತಿ ದಾಟ್ಸೋಳು ನಾನಲ್ವ ಸಾಮಿ? ಹಿಂಗೇ ಇನ್ನೂ ನಾಕು ಅವೆ."

"ತೋರಿಸು."

ಅವಳು ಸೀರೆ ಎತ್ತಿ ಕಟ್ಟಿ ಮುಂದೆ ನಡೆದಳು. ಹಾರೆ ಹಿಡಿದು ದಲಾಯತ ಹಿಂದೆ. ಅವಳು ಕಾಲಿನ ಹೆಬ್ಬೆರಳಲ್ಲಿ ತೋರಿಸಿದ ಕಡೆ ಅವನು ಹಾರೆ ಹಾಕಿದ. ಠಣ್. ಮುಂದಕ್ಕೆ ನಡೆದಳು. ಠಣ್. ಜನ ಜೊತೆಗೇ ಎಣಿಸತೊಡಗಿದರು. ನಾಲ್ಕನೆಯದರ ಹತ್ತಿರ ನಿಂತು ಅವಳು ಹೇಳಿದಳು, "ಇದಕ್ಕೆ ನಮ್ಮತ್ತೆ ಹೆಸರಿಟ್ಟಿದೀನಿ ಸಾಮಿ. ಎತ್ತಿದ್ರೂ ಬಿಡಲ್ಲ, ಬಳಸ್ಕಂಡೇ ಹೋಗ್ಬೇಕು." ಠಣ್!

ಗುಂಪಿನಲ್ಲಿ ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು.

"ಕಲ್ಲಿನ ಸಾಕ್ಷಿ ಯಾವ ಕಾನೂನಿನಲ್ಲೂ ಇಲ್ಲ!" ಎಂದರು ವಕೀಲರು.

"ಇರಬೌದು ವಕೀಲ್ರೆ," ಎಂದರು ರೈತ ಸದಸ್ಯರು. "ಆದ್ರೆ ಈ ಕಲ್ಲು ಸಾಹುಕಾರ್ರ ಮನೇಲಿ ಉಂಡಿಲ್ಲ."

ಸಾಕ್ಷಿ ಹೇಳಿದ್ದ ಇಬ್ಬರೂ ಜನರ ಹಿಂದೆ ಸರಿದರು. ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಡಿಸಿ ಅಲ್ಲೇ ಆದೇಶ ಬರೆಸಿದರು. ನಾಲ್ಕು ಎಕರೆಯೂ ಅವಳಿಗೆ. ನನ್ನ ಜನ್ಮದಲ್ಲಿ ನನ್ನ ಅಕ್ಷರ ಅಷ್ಟು ದುಂಡಗೆ ಎಂದೂ ಬಂದಿರಲಿಲ್ಲ. ಅವತ್ತು ಆದಷ್ಟು ಖುಷಿ ನನಗೆ ಕೆಲಸ ಖಾಯಂ ಆದ ದಿನವೂ ಆಗಿರಲಿಲ್ಲ. ಓದಿ ಹೇಳಿದೆ. ಜನ ಕೇಕೆ ಹಾಕಿದರು. ಸಾಹುಕಾರರು ಮಂಡಿ ಉಜ್ಜಿಕೊಳ್ಳುತ್ತಾ ಸಾಲಿನಲ್ಲೇ ಕುಂತಿದ್ದರು.

ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದು ನಾವೆಲ್ಲ ಕಾದೆವು. ಅವಳು ಮುರಿದ ನೇಗಿಲಿನ ಎರಡೂ ತುಂಡು ಎತ್ತಿಕೊಂಡು ನೇರ ಸಾಹೇಬರ ಮುಂದೆ ಬಂದು ನಿಂತಳು.

"ಹೊಲದ್ದಾತು ಸಾಮಿ. ಈ ನೇಗಿಲೂ ನಂದೇ. ಮುರಿದೋರು ಸಾಹುಕಾರ್ರು. ಸಂಜೆ ಒಳಗೆ ಬಡಗಿ ಹತ್ರ ಹೊಸದು ಮಾಡಿಸ್ಕೊಡಾಕೆ ಹೇಳ್ರಿ. ನಾಳೆ ಹೊತ್ತೇರಿದ ಮ್ಯಾಲೆ ಉಳ್ತೀನಿ, ಊರೆಲ್ಲ ನೋಡ್ಲಿ. ಸಾಹುಕಾರ್ರೂ ಬಂದು ಬದುವಿನ ಮ್ಯಾಲೆ ಕುಂತ್ಕಳ್ಲಿ. ಎಲ್ಲೆಲ್ಲಿ ಎತ್ತಬೇಕು ಅಂತ ತೋರಿಸ್ಕೊಡ್ತೀನಿ."