ಹತ್ತೊಂಬತ್ತು ಮನವಿ ಮತ್ತು ಒಂದು ಕರಡಿ

ಫೋನಿನೊಳಗಿನ ನಕ್ಷೆಯ ತಿದ್ದುಪಡಿ ವಿಭಾಗದ ಘನ ಯಂತ್ರಕ್ಕೆ, ಮತ್ತು ಆ ಯಂತ್ರದ ಹಿಂದೆ ಯಾರಾದರೂ ಮನುಷ್ಯರು ಕುಳಿತಿದ್ದರೆ ಅವರಿಗೂ ಸೇರಿಸಿ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ನೆಗಡಿ, ಮಂಡಿನೋವು, ಮರೆವು ಯಾವುದೂ ಇಲ್ಲವೆಂದು ನನ್ನ ಅಕ್ಕನ ಮಗಳು ಹೇಳಿದ್ದಾಳೆ. ಆದರೂ ಕ್ಷೇಮ ವಿಚಾರಿಸದೆ ನೇರವಾಗಿ ಜಗಳಕ್ಕಿಳಿಯುವ ಅಭ್ಯಾಸ ನನಗಿಲ್ಲದ ಕಾರಣ ವಿಚಾರಿಸಿದ್ದೇನೆ. ನಾನು ಇಪ್ಪತ್ತೆರಡು ವರ್ಷಗಳಿಂದ ಬ್ಯಾಗು, ಜಾಕೆಟ್ಟು, ಡೇರೆ ಹೀಗೆ ಜಿಪ್ ಇರುವ ಸಕಲ ವಸ್ತುಗಳನ್ನೂ ರಿಪೇರಿ ಮಾಡಿಕೊಂಡು ಬಂದಿರುವ ಹೆಂಗಸು. ಇದುವರೆಗೆ ತಮ್ಮ ಸನ್ನಿಧಿಗೆ ಹತ್ತೊಂಬತ್ತು ಮನವಿಗಳನ್ನು ಕಳಿಸಿದ್ದೇನೆ, ಇದು ಇಪ್ಪತ್ತನೆಯದು. ಹಿಂದಿನ ಹತ್ತೊಂಬತ್ತರಲ್ಲಿ ಏನನ್ನು ಬೇಡಿದ್ದೆನೋ ಅದಕ್ಕೆ ತದ್ವಿರುದ್ಧವಾದುದನ್ನು ಇದರಲ್ಲಿ ಬೇಡಲಿರುವುದರಿಂದ, ತಾವು ಸ್ವಲ್ಪ ನಿಧಾನವಾಗಿ, ಸಾಧ್ಯವಾದರೆ ಬಾಯಿಬಿಟ್ಟು, ಓದಿಕೊಳ್ಳಬೇಕಾಗಿ ವಿನಂತಿ.

ನನ್ನ ಅಂಗಡಿಯಿದ್ದದ್ದು ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಮುಕ್ಕೋನ ಜಾಗದಲ್ಲಿ. ನಿಂತರೆ ನನ್ನ ತಲೆ ಮೆಟ್ಟಿಲಿಗೆ ಬಡಿಯುತ್ತಿತ್ತು, ಕುಳಿತರೆ ಗಿರಾಕಿಗೆ ನಾನು ಕಾಣುತ್ತಿರಲಿಲ್ಲ. ಎದುರಿನ ಗಡಿಯಾರ ರಿಪೇರಿಯವರು ಬಾಗಿಲು ಹಾಕಿದರು, ಆಮೇಲೆ ಪಕ್ಕದ ಫೋಟೊ ಫ್ರೇಮಿನವರು ಹಾಕಿದರು, ಮೂರನೆಯ ಸರದಿ ನನ್ನದೆಂದು ಇಡೀ ಕಟ್ಟಡಕ್ಕೆ ಗೊತ್ತಿತ್ತು. ಆ ಹೊತ್ತಿಗೆ ನನ್ನ ಅಕ್ಕನ ಮಗಳು, ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು, ಸಣ್ಣ ವ್ಯಾಪಾರಿಗಳಿಗೆಂದು ನಡೆದ ಎರಡು ದಿನದ ತರಬೇತಿ ಮುಗಿಸಿ, ಕಣ್ಣು ಮಿನುಗಿಸುತ್ತ ನನ್ನ ಮೆಟ್ಟಿಲ ಕೆಳಗೆ ಬಗ್ಗಿ ಬಂದಳು. “ಚಿಕ್ಕಮ್ಮ, ಈಗ ಯಾರೂ ತಲೆ ಎತ್ತಿ ಬೋರ್ಡು ನೋಡಲ್ಲ. ತಲೆ ತಗ್ಗಿಸಿ ಫೋನು ನೋಡ್ತಾರೆ. ಅದರಲ್ಲಿ ನೀನು ಇಲ್ಲ ಅಂದ್ರೆ ನೀನು ಇಲ್ಲವೇ ಇಲ್ಲ,” ಎಂದಳು. ಇಪ್ಪತ್ತೆರಡು ವರ್ಷ ಅಲ್ಲೇ ಕುಳಿತಿದ್ದವಳಿಗೆ ಆ ಮಾತು ಕೇಳಿ ನನ್ನ ಕೈ ನಾನೇ ಮುಟ್ಟಿ ನೋಡಿಕೊಳ್ಳುವಂತಾಯಿತು.

ಅವಳು ಹೇಳಿದ್ದನ್ನೆಲ್ಲ ಶಿಸ್ತಾಗಿ ಮಾಡಿದೆ. ಬಾಯಿ ಬಿಟ್ಟುಕೊಂಡ ಬ್ಯಾಗಿನದೊಂದು, ಬಾಯಿ ಮುಚ್ಚಿಕೊಂಡ ಅದೇ ಬ್ಯಾಗಿನದೊಂದು ಫೋಟೊ, ಅದೂ ಬೆಳಗಿನ ಬೆಳಕಿನಲ್ಲಿ. ವಿಡಿಯೊ ಇಪ್ಪತ್ತೇ ಸೆಕೆಂಡು, ಏಕೆಂದರೆ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತವರಿಗೆ ಅದಕ್ಕಿಂತ ಹೆಚ್ಚು ತಾಳ್ಮೆಯೂ ಇರುವುದಿಲ್ಲ, ಡೇಟಾವೂ ಇರುವುದಿಲ್ಲ. ಕೇಳಿದವರಿಗೆ ಆಗಿಂದಾಗಲೇ ಉತ್ತರ, ಟೈಪು ಮಾಡಲು ಬೆರಳು ಬಿಡುವಿಲ್ಲದಿದ್ದರೆ ಧ್ವನಿಯಲ್ಲಿ. ಸಿಕ್ಕಿಕೊಂಡ ಜಿಪ್ಪಿನ ಹಲ್ಲಿಗೆ ಪೆನ್ಸಿಲಿನ ಸೀಸ ಉಜ್ಜಿ ಬಿಡಿಸುವ ನನ್ನ ವಿಡಿಯೊ ಯಾರಿಂದ ಯಾರಿಗೋ ಹೋಗಿ, ಕಡೆಗೆ ಅದನ್ನು ನನಗೇ ಒಬ್ಬರು “ನಿಮಗೆ ಉಪಯೋಗವಾಗಬಹುದು” ಎಂದು ಕಳಿಸಿದರು. ನನ್ನ ಹಿಗ್ಗಿಗೆ ಮೇಲಿನ ಮೆಟ್ಟಿಲೇ ಅಡ್ಡಿಯಾಯಿತು. ಇನ್ನು ಉಳಿದದ್ದು ಒಂದೇ: ತಮ್ಮ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕಿ. ಆ ಅರ್ಜಿಯನ್ನು ನನ್ನ ಅಕ್ಕನ ಮಗಳು ಒಂದು ಭಾನುವಾರ ತನ್ನ ಮನೆಯ ಜಗಲಿಯಲ್ಲಿ ತಲೆಗೂದಲು ಒಣಗಿಸಿಕೊಳ್ಳುತ್ತ ತುಂಬಿ, “ಅಂಗಡಿ ಎಲ್ಲಿದೆ?” ಎಂಬ ತಮ್ಮ ಪ್ರಶ್ನೆಗೆ “ಈಗ ನಾನಿರುವ ಜಾಗ” ಎಂಬುದನ್ನು ಒತ್ತಿಬಿಟ್ಟಳು.

ಮಾನ್ಯರೇ, ಆ ಜಗಲಿ ನನ್ನ ಅಂಗಡಿಯಿಂದ ಮೂರು ಕಿಲೋಮೀಟರು ದೂರದಲ್ಲಿದೆ ಎಂಬುದು ಸಣ್ಣ ಸಂಗತಿ. ಅದು ನಾಲ್ಕು ವರ್ಷಗಳಿಂದ ನನ್ನೊಡನೆ ಮಾತು ಬಿಟ್ಟಿದ್ದ ನನ್ನ ಅಕ್ಕನ ಜಗಲಿ ಎಂಬುದು ದೊಡ್ಡದು.

ಅಕ್ಕ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಿಯಾದವಳು. ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ. ಅಮ್ಮ ತೀರಿಕೊಂಡ ಮೇಲೆ ಅಮ್ಮನ ಹೊಲಿಗೆ ಯಂತ್ರವನ್ನು “ದೊಡ್ಡವಳು ನಾನು” ಎಂದು ಅವಳೇ ಒಯ್ದು, ಅದರ ಮೇಲೊಂದು ಹೂಕುಂಡ ಇಟ್ಟಳು. ಹೊಲಿಯಲು ಬಾರದವಳಿಗೆ ಯಂತ್ರವೇಕೆ ಎಂದು ನಾನು ಕೇಳಿದೆ. “ಜಿಪ್ಪು ಎಳೆಯೋದೂ ಒಂದು ಕೆಲಸವಾ?” ಎಂದು ಅವಳು ಕೇಳಿದಳು. ಅಲ್ಲಿಂದಾಚೆಗೆ ನಮ್ಮಿಬ್ಬರ ನಡುವೆ ಓಡಾಡುತ್ತಿದ್ದದ್ದು ಅವಳ ಮಗಳು ಮಾತ್ರ, ಅದೂ ಕದ್ದು. ಅಂಥ ಬಾಗಿಲಿಗೆ ತಾವು ದಿನಕ್ಕೆ ಹತ್ತು ಹನ್ನೆರಡು ಜನರನ್ನು ಹರಿದ ಬ್ಯಾಗಿನ ಸಮೇತ ಕಳಿಸತೊಡಗಿದಿರಿ. ಸಂಧಾನಕ್ಕೆಂದು ನಮ್ಮ ಸೋದರಮಾವಂದಿರು ಮೂವರು ಬಂದು ಗೇಟಿನಲ್ಲೇ ವಾಪಸಾದ ಜಾಗಕ್ಕೆ ಅಷ್ಟು ಜನರನ್ನು ನುಗ್ಗಿಸಿದ ತಮ್ಮ ಧೈರ್ಯವನ್ನು ಮೆಚ್ಚಲೇಬೇಕು.

ಅಕ್ಕ ನನಗೆ ಫೋನು ಮಾಡುವವಳಲ್ಲ. ಆದ್ದರಿಂದ ಗಿರಾಕಿಗಳ ಬಾಯಲ್ಲೇ ಹೇಳಿಕಳಿಸಿದಳು. ಮೊದಲ ದಿನ ಸೂಟ್‌ಕೇಸು ತಲೆಯ ಮೇಲೆ ಹೊತ್ತು ಬೆವರುತ್ತ ಬಂದವರು, “ನಿಮ್ಮ ಇನ್ನೊಂದು ಅಂಗಡೀಲಿ ಒಬ್ರು ಮೇಡಂ ಇದಾರಲ್ಲ, ನೀವು ನಾಚಿಕೆಪಡಬೇಕಂತೆ,” ಎಂದರು. ಯಾಕಂತೆ ಎಂದು ಕೇಳಿದೆ. “ಅದು ಹೇಳಲಿಲ್ಲ. ನಿಮಗೇ ಗೊತ್ತಂತೆ,” ಎಂದು ಸೂಟ್‌ಕೇಸು ಇಳಿಸಿದರು. ಸಂಜೆ ಅಕ್ಕನ ಮಗಳು ಬಂದು, ಜಗಲಿಯ ವಿಷಯ ಒಪ್ಪಿಕೊಂಡು, ತನ್ನ ಕೈಗೆ ತಾನೇ ಎರಡು ಹೊಡೆದುಕೊಂಡಳು. ನಾನು ಅಂದೇ ತಮಗೆ ಮೊದಲ ಮನವಿ ಕಳಿಸಿದೆ: ಆ ಜಾಗದಲ್ಲಿ ಯಾವ ಅಂಗಡಿಯೂ ಇಲ್ಲ, ದಯಮಾಡಿ ಚುಕ್ಕಿಯನ್ನು ಸರಿಸಿ. ತಾವು ಪರಿಶೀಲಿಸಿ, ಅಲ್ಲಿಗೆ ಬಹಳ ಜನ ಹೋಗುತ್ತಿರುವುದರಿಂದ ಅಲ್ಲಿ ಅಂಗಡಿ ಇದ್ದೇ ಇದೆ ಎಂದು ತೀರ್ಪು ಕೊಟ್ಟಿರಿ. ಜನ ಹೋಗುತ್ತಿದ್ದದ್ದು ತಾವು ಕಳಿಸುತ್ತಿದ್ದುದರಿಂದ ಎಂಬ ಕ್ಷುಲ್ಲಕ ವಿವರವನ್ನು ತಾವು ಲೆಕ್ಕಿಸಲಿಲ್ಲ; ಹಿರಿಯರ ಲಕ್ಷಣವೇ ಅದು.

ಅಷ್ಟರಲ್ಲಿ ನನ್ನ ಅಂಗಡಿಯ ಹೆಸರಿನಲ್ಲಿ ಅಕ್ಕನಿಗೆ ಪ್ರಶಂಸೆಗಳು ಬೀಳತೊಡಗಿದವು. “ಮಾಲಕಿ ಗದರುತ್ತಾರೆ, ಆದರೆ ದಾರಿ ಬಹಳ ಸ್ಪಷ್ಟವಾಗಿ ಹೇಳುತ್ತಾರೆ, ಐದು ನಕ್ಷತ್ರ.” “ಜಿಪ್ ಸರಿಹೋಗಲಿಲ್ಲ, ನನ್ನ ಬೆನ್ನು ನೆಟ್ಟಗಾಯಿತು, ಐದು ನಕ್ಷತ್ರ.” “ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಂಟೆ ಒತ್ತಬೇಡಿ, ಅನುಭವದಿಂದ ಹೇಳುತ್ತಿದ್ದೇನೆ, ನಾಲ್ಕು ನಕ್ಷತ್ರ.” ಇದನ್ನೋದಿದ ತಾವು ನನ್ನ ಅಂಗಡಿಯ ವೇಳೆಯನ್ನು ಅಕ್ಕನ ನಿದ್ದೆಗೆ ಹೊಂದಿಸಿ ಬದಲಿಸಿದಿರಿ. ಬೇಸತ್ತ ಅಕ್ಕ ರಟ್ಟಿನ ಮೇಲೆ ಶಾಲೆಯ ದುಂಡಕ್ಷರದಲ್ಲಿ “ಇದು ಜಿಪ್ ಅಂಗಡಿ ಅಲ್ಲ” ಎಂದು ಬರೆದು ಗೇಟಿಗೆ ಕಟ್ಟಿದಳು. ಯಾರೋ ಅದರ ಫೋಟೊ ತೆಗೆದು ಹಾಕಿದರು. ತಾವು ಅದನ್ನೋದಿ, ತಮ್ಮ ಅಗಾಧ ಜ್ಞಾನವನ್ನು ಬಳಸಿ, ನನ್ನ ಅಂಗಡಿಯ ಹೆಸರನ್ನೇ “ಇದು ಜಿಪ್ ಅಂಗಡಿ ಅಲ್ಲ” ಎಂದು ಬದಲಿಸಿದಿರಿ.

ಅಂದಿನಿಂದ ಗಿರಾಕಿಗಳು ಇಮ್ಮಡಿಯಾದರು! ಅಂಗಡಿಗೆ ಇಂಥ ಹೆಸರಿಟ್ಟವರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು, ಚೆನ್ನಾಗಿದ್ದ ಬ್ಯಾಗಿನ ಜಿಪ್ಪನ್ನು ದಾರಿಯಲ್ಲಿ ಕಿತ್ತುಕೊಂಡು ಬಂದವರೂ ಇದ್ದರು. ಎರಡು ದಿನದ ತರಬೇತಿಯಲ್ಲಿ ಯಾರೂ ಹೇಳಿಕೊಡದ ಈ ಜಾಹೀರಾತನ್ನು ತಾವು ನಿದ್ದೆಗಣ್ಣಿನಲ್ಲಿ ಮಾಡಿ ಮುಗಿಸಿದ್ದಿರಿ. ಆದರೆ ಬಂದವರಲ್ಲಿ ಮುಕ್ಕಾಲು ಪಾಲು ಅಕ್ಕನ ಗೇಟಿನಿಂದಲೇ ಮನೆಗೆ ಹೋಗುತ್ತಿದ್ದರು. ಮೂರು ಕಿಲೋಮೀಟರು ದಾಟಿ ನನ್ನ ಮೆಟ್ಟಿಲ ತನಕ ಬರುವಷ್ಟು ಜಿದ್ದಿನವರು ಎಷ್ಟು ಜನ? ಹೀಗಾಗಿ ಲೋಕದಲ್ಲೆಲ್ಲ ಹೆಸರಾದ ನಾನು ಮೆಟ್ಟಿಲ ಕೆಳಗೆ ಸುಮ್ಮನೆ ಕುಳಿತು, ತಮಗೆ ಎರಡನೆಯದರಿಂದ ಹತ್ತೊಂಬತ್ತನೆಯವರೆಗಿನ ಮನವಿಗಳನ್ನು ಬರೆದೆ. ಬಾಗಿಲು ಹಾಕುವುದೇ ಸರಿಯೆಂದು ನಿಶ್ಚಯಿಸಿ, ಜಿಪ್ಪಿನ ಮೇಲೆ ಜಾರುವ ರನ್ನರು, ದಾರ, ಇಕ್ಕಳಗಳನ್ನು ಡಬ್ಬಿಗೆ ತುಂಬಿಸುತ್ತಿದ್ದ ದಿನವೇ ಕರಡಿ ಬಂದದ್ದು.

ಮಟಮಟ ಮಧ್ಯಾಹ್ನ. ನನ್ನ ಫೋನಿನಲ್ಲಿ ಅಕ್ಕನ ಹೆಸರು. ನಾಲ್ಕು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು: “ಬಾಗಿಲಲ್ಲಿ ಕರಡಿ ನಿಂತಿದೆ. ನಿನ್ನ ಗಿರಾಕಿಯಂತೆ. ಬಾ.”

“ಯಾವ ಕರಡಿ ಅಕ್ಕ?” ಎಂದೆ.

“ಯಾವ ಕರಡಿ ಅಂದ್ರೆ? ನಂಗೆ ಎಷ್ಟು ಕರಡಿ ಪರಿಚಯ ಇದಾವೆ? ಒಳಗಿರೋನು ಮಾತಾಡೋದು ಕಮ್ಮಿ ಮಾಡ್ತಿದಾನೆ, ಬೇಗ ಬಾ!”

ಡಬ್ಬಿ ಹೇಗೂ ತುಂಬಿತ್ತು, ಎತ್ತಿಕೊಂಡು ಓಡಿದೆ. ವಿಷಯವೇನೆಂದರೆ, ಹೊಸದಾಗಿ ತೆರೆದ ಮೊಬೈಲ್ ಅಂಗಡಿಯೊಂದರ ಮುಂದೆ ಜನರನ್ನು ಕರೆಯಲು ಕರಡಿ ವೇಷ ತೊಟ್ಟು ಕುಣಿಯುತ್ತಿದ್ದವರೊಬ್ಬರ ಬೆನ್ನಿನ ಜಿಪ್ಪು ಸಿಕ್ಕಿಕೊಂಡಿತ್ತು. ತಲೆಯೂ ಮೈಗೇ ಹೊಲಿದಿದ್ದ ವೇಷ, ತೆಗೆಯುವಂತಿಲ್ಲ; ಅಂಗಡಿಯವರದು, ಕತ್ತರಿ ಹಾಕುವಂತೆಯೂ ಇಲ್ಲ. ದಾರಿಹೋಕರೊಬ್ಬರು ಫೋನು ನೋಡಿ, ಜಿಪ್ ಅಂಗಡಿ ಇನ್ನೂರೇ ಹೆಜ್ಜೆ ಎಂಬ ತಮ್ಮ ಮಾತು ನಂಬಿ ಕೈಹಿಡಿದು ತಂದು ಬಿಟ್ಟಿದ್ದರು. ನಾನು ಹೋದಾಗ ಕರಡಿ ಜಗಲಿಯಲ್ಲಿ ಅಂಗಾತ ಬಿದ್ದಿತ್ತು. ಅಕ್ಕ ಟೇಬಲ್ ಫ್ಯಾನನ್ನು ಅದರ ಬಾಯಿಗೆ ಹಿಡಿದು, “ನಿದ್ದೆ ಹೋಗಬೇಡ! ಹದಿಮೂರರ ಮಗ್ಗಿ ಹೇಳು!” ಎಂದು ಗದರುತ್ತಿದ್ದಳು. ಒಳಗಿನಿಂದ ಕ್ಷೀಣವಾಗಿ, “ಹದಿಮೂರ್ನಾಲ್ಕಲಿ... ಐವತ್ತು...” ಎಂದು ಕೇಳಿತು.

“ಐವತ್ತೆರಡು!” ಎಂದು ಅಕ್ಕ ಕೂಗಿದ್ದು ಮೂರನೆಯ ಬೀದಿಗೂ ಕೇಳಿಸಿರಬೇಕು.

ಇಬ್ಬರೂ ಸೇರಿ ಕರಡಿಯನ್ನು ಮಗುಚಿದೆವು. ಒಳಗಿನ ಅಸ್ತರು ಹಲ್ಲಿಗೆ ಸಿಕ್ಕಿ ಗಂಟಾಗಿತ್ತು. ಸೀಸಕ್ಕೆ ಬಗ್ಗುವ ಜಾತಿಯಲ್ಲ. ಇಕ್ಕಳದಿಂದ ರನ್ನರಿನ ಕೆಳಗೆ ನಾಲ್ಕು ಹಲ್ಲು ಕಿತ್ತು, ಸಂದಿನಲ್ಲಿ ಬೆರಳು ತೂರಿಸಿ, ಉಸಿರು ಬಿಗಿಹಿಡಿದು ಎರಡೂ ಕಡೆ ಎಳೆದೆ. ಕರಡಿ ಕುತ್ತಿಗೆಯಿಂದ ಸೊಂಟದವರೆಗೆ ಬಿರಿದು, ನಲವತ್ತರ ಒಬ್ಬ ಸಣಕಲ ಮನುಷ್ಯರು ಬೆವರಿನಲ್ಲಿ ಅದ್ದಿ ತೆಗೆದಂತೆ ಹೊರಬಂದರು. ಎರಡು ಚೆಂಬು ನೀರು ಕುಡಿದರು, ಮೂರನೆಯದನ್ನು ತಲೆಗೆ ಸುರಿದುಕೊಂಡರು, ಕಣ್ಣು ಬಿಟ್ಟು ಅಕ್ಕನನ್ನು ನೋಡಿ, “ಹದಿಮೂರೈದಲಿ ಅರವತ್ತೈದು, ಮೇಡಂ,” ಎಂದರು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, “ಜಾಣ,” ಎಂದಳು.

ಆದರೆ ನಾಲ್ಕು ಗಂಟೆಗೆ ಅವರು ಮತ್ತೆ ಕುಣಿಯಬೇಕಿತ್ತು, ಇಲ್ಲದಿದ್ದರೆ ಕೆಲಸ ಹೋಗುತ್ತಿತ್ತು. ಉದ್ದನೆಯ ಜಿಪ್ಪು ನನ್ನ ಡಬ್ಬಿಯಲ್ಲಿತ್ತು, ನನ್ನ ಹೊಲಿಗೆ ಯಂತ್ರ ಮೂರು ಕಿಲೋಮೀಟರು ದೂರದಲ್ಲಿತ್ತು, ಅಮ್ಮನದು ನಡುಮನೆಯಲ್ಲಿ ಹೂಕುಂಡದ ಕೆಳಗಿತ್ತು. ನಾನು ಆ ಕಡೆ ನೋಡಲಿಲ್ಲ. ನೋಡಲಿಲ್ಲವೆಂಬುದನ್ನು ಅಕ್ಕ ನೋಡಿದಳು. ಎದ್ದು ಹೋಗಿ ಕುಂಡವನ್ನು ತಾನೇ ಎತ್ತಿ ನೆಲಕ್ಕಿಟ್ಟಳು. ತುಕ್ಕು ಹಿಡಿದು ಕೂತಿರುತ್ತದೆಂದು ನಾನು ಚಕ್ರವನ್ನು ಬಲವಾಗಿ ತಿರುಗಿಸಿದರೆ, ಅದು ಗಿರ್ರನೆ ತಿರುಗಿತು.

“ಯಾರು ಎಣ್ಣೆ ಹಾಕಿದ್ದು?” ಎಂದು ಕೇಳಿದೆ.

“ವಾರಕ್ಕೊಂದ್ಸಲ ಹಾಕ್ತೀನಿ. ಹಾಗೇ ಬಿಟ್ರೆ ಅಮ್ಮ ಸುಮ್ನಿರ್ತಾಳಾ?” ಎಂದು ಅಕ್ಕ ಗೋಡೆಗೆ ಹೇಳಿದಳು.

ನಾನು ತುಳಿದೆ, ಅಕ್ಕ ಕರಡಿಯ ಬೆನ್ನನ್ನು ಬಿಗಿಯಾಗಿ ಹಿಡಿದಳು. ಅರ್ಧ ದಾರಿಯಲ್ಲಿ ನಮ್ಮಿಬ್ಬರ ತಲೆಗಳು ಢಿಕ್ಕಿ ಹೊಡೆದವು. ಅವಳು ನಕ್ಕಳೋ ನಾನು ನಕ್ಕೆನೋ, ಕರಡಿಯನ್ನು ಮಧ್ಯೆ ಅಪ್ಪಿಕೊಂಡು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದಕ್ಕೆ ಅದರೊಳಗಿಂದ ಬಂದವರು ಗಾಬರಿಯಾಗಿ ಬಾಗಿಲಿನ ಕಡೆ ಸರಿದರು. ನಾಲ್ಕಕ್ಕೆ ಐದು ನಿಮಿಷವಿರುವಾಗ ಕರಡಿ ಸಿದ್ಧವಾಯಿತು. ಹೋಗುವಾಗ ಗೇಟಿನಲ್ಲಿ ನಿಂತು ನಮಗಾಗಿಯೇ ಒಂದು ಸುತ್ತು ಕುಣಿದು ಹೋಯಿತು.

ಆಮೇಲೆ ಅಕ್ಕ, “ಜಿಪ್ಪು ಎಳೆಯೋದು ಕೆಲಸವಾ ಅಂತ ಕೇಳಿದ್ದೆ ಅಲ್ವಾ? ಕೆಲಸವೇ,” ಎಂದಳು. ನೆಲದ ಮೇಲಿದ್ದ ಹೂಕುಂಡವನ್ನು ಮೂಲೆಗೆ ಸರಿಸಿ, “ಆ ಮೆಟ್ಟಿಲ ಕೆಳಗೆ ಕೂತ್ಕೊಂಡು ಯಾರಿಗೆ ಕಾಣ್ತೀಯಾ? ನಿನ್ನ ಗಿರಾಕಿಗಳೆಲ್ಲ ಇಲ್ಲಿಗೇ ಬರ್ತಾರೆ. ನೀನೂ ಬಂದ್ಬಿಡು,” ಎಂದಳು.

ಬಂದುಬಿಟ್ಟೆ, ಮಾನ್ಯರೇ! ಸೋಮವಾರ ಜಗಲಿಯಲ್ಲಿ ಅಮ್ಮನ ಯಂತ್ರ ಹಾಕಿಕೊಂಡು ಕುಳಿತೆ. ಗೇಟಿನ ರಟ್ಟಿನ ಬೋರ್ಡನ್ನು ತೆಗೆಯದೆ ಗಾಜು ಹಾಕಿಸಿದೆವು. ಅಕ್ಕ ಗಿರಾಕಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದಳು, ಅವಳ ಮಗಳು ಇಪ್ಪತ್ತು ಸೆಕೆಂಡಿನ ವಿಡಿಯೊ ಹಿಡಿದಳು, ಸಾಲು ಬಸ್ ನಿಲ್ದಾಣ ಮುಟ್ಟಿತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ, ಬೀದಿಗೆ ಕಾಣುವಂತೆ ಕುಳಿತು, ಒಂದು ವಾರ ಕೆಲಸ ಮಾಡಿದೆ.

ಒಂದೇ ವಾರ. ಮರುಸೋಮವಾರ ಬೆಳಿಗ್ಗೆ ತಮ್ಮಿಂದ ಸಂದೇಶ ಬಂತು: “ಶುಭ ಸುದ್ದಿ! ತಮ್ಮ ಹತ್ತೊಂಬತ್ತೂ ಮನವಿಗಳನ್ನು ಮನ್ನಿಸಲಾಗಿದೆ.” ತಾವು ಚುಕ್ಕಿಯನ್ನು ಎತ್ತಿ, ನಾನು ಖಾಲಿ ಮಾಡಿದ್ದ, ಈಗ ಕಟ್ಟಡದವರು ಪೊರಕೆಗಳನ್ನು ಇಟ್ಟುಕೊಂಡಿರುವ ಮೆಟ್ಟಿಲ ಕೆಳಗೆ ನಿಖರವಾಗಿ, ಒಂದಂಗುಲವೂ ತಪ್ಪದಂತೆ, ನೆಟ್ಟಿದ್ದೀರಿ. ಗಿರಾಕಿಗಳು ಈಗ ಪೊರಕೆಗಳ ಫೋಟೊ ಕಳಿಸಿ “ಮೇಡಂ ಎಲ್ಲಿ?” ಎಂದು ಕೇಳುತ್ತಿದ್ದಾರೆ. ಚುಕ್ಕಿಯನ್ನು ನಾನೇ ಬೆರಳಿನಿಂದ ಜಗಲಿಗೆ ಮರಳಿ ಎಳೆಯಲು ಹೋದರೆ, “ಆ ಜಾಗದಲ್ಲಿ ಅಂಗಡಿಯಿಲ್ಲವೆಂದು ಸ್ವತಃ ಮಾಲೀಕರೇ ಹತ್ತೊಂಬತ್ತು ಬಾರಿ ದೃಢಪಡಿಸಿದ್ದಾರೆ” ಎಂದು ಉತ್ತರಿಸಿದ್ದೀರಿ. ತಮ್ಮ ನೆನಪಿನ ಶಕ್ತಿಗೆ ಕೈ ಮುಗಿದಿದ್ದೇನೆ.

ಆದ್ದರಿಂದ ಸವಿನಯವಾಗಿ ಬೇಡುವುದೇನೆಂದರೆ, ತಾವು ಮೊದಲಿನಂತೆ ತಪ್ಪು ಮಾಡಬೇಕು. ಅದೇ ತಪ್ಪು, ಅದೇ ಜಾಗ, ಅದೇ ಆತ್ಮವಿಶ್ವಾಸ. ಸೋದರಮಾವಂದಿರಿಂದ ಆಗದ್ದನ್ನು ಮಾಡಿ ತೋರಿಸಿದ ತಪ್ಪನ್ನು ತಿದ್ದಿಕೊಳ್ಳುವಷ್ಟು ಸಂಕೋಚ ತಮಗೆ ಬೇಡ. ಚುಕ್ಕಿಯನ್ನು ಕದಲಿಸಲು ನಿಯಮ ಅಡ್ಡಬರುವುದಾದರೆ, ಊರನ್ನೇ ಮೂರು ಕಿಲೋಮೀಟರು ಪೂರ್ವಕ್ಕೆ ಸರಿಸಿಕೊಟ್ಟರೂ ಆದೀತು. ನಾವು ಸಾಮಾನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೇವೆ. ಅದೂ ಆಗದಿದ್ದರೆ ತಾವೇ ಒಮ್ಮೆ ಖುದ್ದಾಗಿ ಬಂದು, ಸಾಲಿನಲ್ಲಿ ನಿಂತು, ನಮ್ಮ ಜಗಲಿಯನ್ನು ನೋಡಿ ಹೋಗಬೇಕು. ದಾರಿ ಗೊತ್ತಾಗದಿದ್ದರೆ ಯಾರನ್ನಾದರೂ ಕೇಳಿ, ಫೋನನ್ನೊಂದು ಬಿಟ್ಟು.

ಇಷ್ಟೆಲ್ಲ ಆದ ಮೇಲೂ ಹಟ ಹಿಡಿದು ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
“ಇದು ಜಿಪ್ ಅಂಗಡಿ ಅಲ್ಲ” ಎಂಬ ಜಿಪ್ ಅಂಗಡಿಯ ಒಡತಿ

ತಾಜಾ ಕಲಂ, ಪತ್ರ ಕಳಿಸಿದ ಮೇಲೆ ಬರೆದದ್ದು: ಈ ಪತ್ರಕ್ಕೂ ತಾವು ಮೂರು ಸೆಕೆಂಡಿನಲ್ಲಿ, ಓದದೆಯೇ, “ತಮ್ಮ ಸಲಹೆಗೆ ಧನ್ಯವಾದ” ಎಂದು ಉತ್ತರಿಸಿದ್ದೀರಿ. ಅದನ್ನು ಅಕ್ಕನಿಗೆ ತೋರಿಸಿದೆ. ಅವಳು ಹೇಳಿದ್ದನ್ನು ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ: “ಆ ಯಂತ್ರಕ್ಕೆ ಹೇಳು, ನಾಳೆ ಬರುವಾಗ ಅಪ್ಪ ಅಮ್ಮನ್ನ ಕರ್ಕೊಂಡು ಬಾ ಅಂತ.”