ಖಾಲಿ ರಿಜಿಸ್ಟರು

ಬೆಳಿಗ್ಗೆ ಏಳು ಗಂಟೆಗೆ ಕೈಪಂಪು ‘ಕಿರ್’ ಎಂದಿತು. ಬೇರೆ ದಿನವಾಗಿದ್ದರೆ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಅಂದು ಒಂಬತ್ತಕ್ಕೆ ಪಂಪಿನ ತಪಾಸಣೆಯ ಸಾಹೇಬರು ಬರುವವರಿದ್ದರು. ಪಂಪು ಸಮಿತಿಯ ಅಧ್ಯಕ್ಷನಾದ ದರ್ಜಿ, ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ, ಮೇಲಿನ ಓಣಿಯಿಂದ ಅರವತ್ತೆರಡು ಮೆಟ್ಟಿಲು ಇಳಿದು ಓಡಿ ಬಂದ.

ವರ್ಷದ ಹಿಂದೆ ಈ ಪಂಪು ಹಾಕಿಸಿದ ಸಂಸ್ಥೆಯವರು ಊರಿನ ಮೂವರು ಹೆಂಗಸರಿಗೆ ರಿಪೇರಿ ಕಲಿಸಿ, ಒಂದು ಪೆಟ್ಟಿಗೆ ಪಾನಾ, ಒಂದು ರಿಜಿಸ್ಟರು ಕೊಟ್ಟು ಹೋಗಿದ್ದರು. “ಒಂದು ವರ್ಷ ನೀವೇ ನಡೆಸ್ಕೊಂಡು ಹೋಗಿ. ಸರಿಯಾಗಿ ನಡೆಸಿದ್ರೆ ಮೇಲಿನ ಓಣಿಗೂ ಒಂದು ಪಂಪು” ಎಂದಿದ್ದರು. ಮೇಲಿನ ಓಣಿಯ ಕೊನೆಯ ಮನೆ ದರ್ಜಿಯದು. ದಿನಕ್ಕೆ ಎಂಟು ಕೊಡ ಹೊತ್ತು ಅವನ ಹೆಂಡತಿಯ ಸೊಂಟ ಹಿಡಿದುಹೋಗಿತ್ತು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಬಾಗಿಲ ಮುಂದೆಯೇ ನೀರು ಬರಿಸುತ್ತೇನೆಂದು ಅವನು ಅವಳಿಗೆ ಮಾತು ಕೊಟ್ಟಿದ್ದ.

ಆ ಮೂವರು ಹೆಂಗಸರಲ್ಲಿ ಅವಳೂ ಒಬ್ಬಳು. ಮೊದಲ ತಿಂಗಳು ವಾಷರು ಬದಲಾಯಿಸಿ ಬಂದವಳು ಅದನ್ನು ರಿಜಿಸ್ಟರಿನಲ್ಲಿ ಬರೆಯಲು ಕೂತಳು. ದರ್ಜಿ ಪೆನ್ನು ಕಿತ್ತುಕೊಂಡ.

“ಕೆಟ್ಟಿತ್ತು ಅಂತ ನಾವೇ ಬರ್ಕೊಡೋದಾ? ತೋಳನ್ನ ಎರಡು ಸಲ ಬಿಚ್ಚಿ ಹೊಲಿದೆ ಅಂತ ಗಿರಾಕಿ ಹತ್ರ ಹೇಳ್ತೀನಾ ನಾನು? ಇದ್ರಲ್ಲಿ ಒಂದಕ್ಷರ ಬೀಳಬಾರ್ದು.”

ಅಂದಿನಿಂದ ಪಂಪು ಕೆಟ್ಟ ಸುದ್ದಿ ಅವನ ಕಿವಿಗೆ ಬೀಳಲೇ ಇಲ್ಲ. ಎಲ್ಲ ತನ್ನ ಉಸ್ತುವಾರಿಯ ಫಲವೆಂದು ಅವನು ಎದೆಯುಬ್ಬಿಸಿಕೊಂಡು ಓಡಾಡಿದ. ಹಾಗೆ ಓಡಾಡಿದ್ದಕ್ಕೆ ತಪಾಸಣೆಯ ದಿನ ಬಡ್ಡಿ ಸಮೇತ ತೆರಬೇಕಾಯಿತು.

ಪಂಪಿನ ಹತ್ತಿರ ಆಗಲೇ ಸಲಹೆ ಕೊಡುವವರು ಸೇರಿದ್ದರು. ಕ್ಷೌರದವನು ಅಂಗಡಿಯಿಂದ ತಲೆಗೆ ಹಚ್ಚುವ ಎಣ್ಣೆ ತಂದು ಸುರಿದ. ಕಿರ್ ನಿಲ್ಲಲಿಲ್ಲ, ಪಂಪು ಮಾತ್ರ ಮದುವೆಗೆ ಹೊರಟಂತೆ ಘಮಘಮಿಸಿತು.

“ಎಣ್ಣೆಗೆಲ್ಲ ಬಗ್ಗೋ ರೋಗ ಅಲ್ಲ ಇದು. ಹಿಡಿಯ ಬೋಲ್ಟು ಸಡಿಲ ಆಗಿದೆ” ಎಂದ ಗಿರಣಿಯವನು. ಯಂತ್ರದ ವಿಷಯದಲ್ಲಿ ಊರು ಅವನ ಮಾತು ಮೀರುತ್ತಿರಲಿಲ್ಲ.

ದರ್ಜಿಯ ಹೆಂಡತಿ ಕೊಡ ಕೆಳಗಿಟ್ಟಳು. “ಬಿಡಿ, ನಾನು ನೋಡ್ತೀನಿ.”

“ನೀನು ಮುಟ್ಬೇಡ. ಇವತ್ತೊಂದು ದಿನ ಯಾರೂ ಮುಟ್ಬೇಡಿ” ಎಂದು ದರ್ಜಿ ಪಾನಾ ತಾನೇ ಹಿಡಿದ. ಗಿರಣಿಯವನು “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಎನ್ನುತ್ತಲೇ ಇದ್ದ. ಸೂಜಿಗಿಂತ ಭಾರದ್ದನ್ನು ತಿರುಗಿಸಿ ಗೊತ್ತಿಲ್ಲದ ದರ್ಜಿ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದ. ಟಕ್ ಎಂದು ಬೋಲ್ಟು ತುಂಡಾಯಿತು. ಪಂಪಿನ ಹಿಡಿ ಅವನ ಕೈಗೇ ಬಂತು.

ಆ ಹೊತ್ತಿಗೆ ಊರ ಹೊರಗೆ ಜೀಪಿನ ಧೂಳು ಕಂಡಿತು. ಸಾಹೇಬರು ಒಂದು ಗಂಟೆ ಮೊದಲೇ ಬಂದಿದ್ದರು. ಗಿರಣಿಯವನಿಗೆ ಇದ್ದಕ್ಕಿದ್ದಂತೆ ಗಿರಣಿಯ ನೆನಪಾಯಿತು. ಕ್ಷೌರದವನಿಗೆ ಅರ್ಧ ಗಡ್ಡ ಹೆರೆಸಿಕೊಂಡು ಕೂತ ಗಿರಾಕಿಯ ನೆನಪಾಯಿತು. ದರ್ಜಿ ಪಕ್ಕದಲ್ಲೇ ಇದ್ದ ತನ್ನ ಅಂಗಡಿಯಿಂದ ಅಸ್ತರಿನ ಬಟ್ಟೆ ತಂದು, ಹಿಡಿಯನ್ನು ಹಾಗೇ ಒರಗಿಸಿ, ಇಡೀ ಪಂಪಿಗೆ ಮುಸುಕು ಹಾಕಿದ.

“ಇದೇನು ಮುಸುಕು?” ಎಂದು ಸಾಹೇಬರು ಕೇಳಿದರು.

“ಬಿಸಿಲಿಗೆ ಬಣ್ಣ ಹೋಗಬಾರ್ದು ಅಂತ, ಸಾರ್.”

ಸಾಹೇಬರು ರಿಜಿಸ್ಟರು ತೆರೆದರು. ಒಂದೊಂದೇ ಪುಟ ತಿರುವಿದರು. “ವರ್ಷದಲ್ಲಿ ಒಂದ್ಸಲನೂ ಕೆಟ್ಟಿಲ್ವಾ?”

“ಒಂದ್ಸಲನೂ ಇಲ್ಲ, ಸಾರ್. ನೋಡಿ ಪಾನಾ. ಗೀರು ಕೂಡ ಬಿದ್ದಿಲ್ಲ.” ಹಿಂದಿನ ದಿನ ಅವನ್ನು ಮರಳುಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿದ್ದವನು ಅವನೇ.

“ಹಾಗಾದ್ರೆ ರಿಪೇರಿ ಕಲಿತ ಹೆಂಗಸರು?”

ಹೆಂಡತಿ ಎದುರಿಗೇ ನಿಂತಿದ್ದಳು. ದರ್ಜಿ ಅವಳ ಮುಖ ನೋಡದೆ ಹೇಳಿದ, “ಕೈಯಲ್ಲಿ ಪಾನಾ ಹಿಡಿಯೋಕೂ ಬರಲ್ಲ, ಸಾರ್. ಆ ಪ್ರಮೇಯವೇ ಬಂದಿಲ್ಲ.”

ಸಾಹೇಬರು ರಿಜಿಸ್ಟರು ಮುಚ್ಚಿದರು. ಅವರ ಮುಖ ಚಿಕ್ಕದಾಗಿತ್ತು. “ಪಂಪು ಅಂದ್ಮೇಲೆ ಕೆಡುತ್ತೆ, ಯಜಮಾನ್ರೇ. ನಾವು ನೋಡೋದು, ಕೆಟ್ಟಾಗ ನಮ್ಮ ದಾರಿ ಕಾಯದೆ ನೀವೇ ಸರಿ ಮಾಡ್ಕೋತೀರಾ ಅಂತ. ಕಾಲುವೆ ಆಚೆ ಊರಲ್ಲಿ ಹದಿನಾಲ್ಕು ಸಲ ಕೆಟ್ಟಿದೆ, ಹದಿನಾಲ್ಕು ಸಲನೂ ಅಲ್ಲಿನ ಹೆಂಗಸರೇ ರಿಪೇರಿ ಮಾಡಿ ಬರೆದಿದ್ದಾರೆ. ಎರಡನೇ ಪಂಪು ಅವರಿಗೆ.”

“ಕೆಟ್ಟಿದೆ ಸಾರ್, ಈಗಲೂ ಕೆಟ್ಟಿದೆ” ಎಂದು ದರ್ಜಿ ಮುಸುಕು ಎಳೆದ. ಹಿಡಿ ಧೊಪ್ಪನೆ ಸಾಹೇಬರ ಬೂಟಿನ ಮೇಲೆ ಬಿತ್ತು.

ನೀರಿಗೆ ನಿಂತಿದ್ದ ಹೆಂಗಸರಿಗೆಲ್ಲ ಒಮ್ಮೆಲೇ ಬಾಯಿ ಬಂತು. ಹೋದ ತಿಂಗಳು ಸರಪಳಿ ಕಳಚಿತ್ತು ಎಂದಳು ಒಬ್ಬಳು. ಇನ್ನೊಬ್ಬಳು ದರ್ಜಿಯ ಹೆಂಡತಿಯನ್ನು ಮುಂದೆ ತಳ್ಳಿ, “ಇವಳೇ ಮಾಡೋದು ಸಾರ್” ಎಂದಳು.

“ಈಗ್ಲೇ ಮಾಡಿ ತೋರಿಸ್ತೀನಿ, ಸಾರ್” ಎಂದಳು ಹೆಂಡತಿ.

ಸಾಹೇಬರು ಕಾಲು ನೀವಿಕೊಳ್ಳುತ್ತ ಅವಳ ಕೈ ನೋಡಿದರು. ಬೆರಳುಗಳ ಸಂದಿಯಲ್ಲಿ ಹಳೆಯ ಜಿಡ್ಡು ಕಪ್ಪಗೆ ಕೂತಿತ್ತು. “ನಾನು ನಂಬ್ತೀನಮ್ಮ. ಆದ್ರೆ ನಾನು ಒಯ್ಯೋದು ಬರೆದಿದ್ದನ್ನ ಮಾತ್ರ. ಮೇಲಿನೋರು ರಿಜಿಸ್ಟರಿನ ನಕಲು ಕೇಳ್ತಾರೆ. ಮುಂದಿನ ವರ್ಷ ನೋಡೋಣ.”

ಜೀಪು ಕಾಲುವೆಯ ಕಡೆ ಹೋಯಿತು. ಹೆಂಡತಿ ಪೆಟ್ಟಿಗೆಯ ತಳದಿಂದ ಹೊಸ ಬೋಲ್ಟು ತೆಗೆದು, ಸೊಂಟ ಹಿಡಿದುಕೊಂಡು ಬಗ್ಗಿ ಕೂತಳು. ದರ್ಜಿಗೆ ಒಂದು ಗುಂಡಿಯ ಕಾಜಾ ಹೊಲಿಯಲು ಹಿಡಿಯುವಷ್ಟು ಹೊತ್ತಿನಲ್ಲಿ ಹಿಡಿ ಕೂಡಿಸಿ ನೀರೆತ್ತಿದಳು. ಕಿರ್ ಎನ್ನಲೂ ಇಲ್ಲ.

“ಇದುವರೆಗೆ ಎಷ್ಟು ಸಲ ಆಯ್ತು?” ಎಂದು ಅವನು ಮೆಲ್ಲಗೆ ಕೇಳಿದ.

“ಇದು ಒಂಬತ್ತನೇದು. ನೀವು ನೂಲು ತರೋಕೆ ಪೇಟೆಗೆ ಹೋದ ದಿನ ಮಾಡ್ತಿದ್ವಿ. ಇದ್ದಾಗ ಮಾಡಿದ್ರೆ ಬೈತೀರಲ್ಲ.”

ಅವಳು ತನ್ನನ್ನು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ ಎನ್ನಿಸಿತು ಅವನಿಗೆ. ವರ್ಷವಿಡೀ ರಿಪೇರಿ ಮಾಡಿ ಅವಳು ಬಾಗಿಲವರೆಗೆ ತಂದಿದ್ದ ನೀರನ್ನು ತಾನೇ ಒಂದು ಪೆನ್ನು ಕಿತ್ತುಕೊಂಡು ಚೆಲ್ಲಿದ್ದ. ಈಗ ಅದೇ ಪೆನ್ನನ್ನು ಅವಳ ಮುಂದೆ ಹಿಡಿದ.

“ಕೈ ಜಿಡ್ಡಾಗಿದೆ. ನೀವೇ ಬರೀರಿ” ಎಂದಳು.

ಅವನು ಕಟ್ಟೆಯ ಮೇಲೆ ಕೂತು ಮೊದಲ ಪುಟ ತೆರೆದ. ತಾರೀಖು ಬರೆದ. ‘ರಿಪೇರಿ ಮಾಡಿದವರು’ ಎಂಬಲ್ಲಿ ಹೆಂಡತಿಯ ಹೆಸರನ್ನು ದುಂಡಗೆ ಬರೆದ. ಪಕ್ಕದ ಅಂಕಣದಲ್ಲಿ ‘ಕೆಟ್ಟ ಕಾರಣ’ ಎಂದಿತ್ತು. ಅಲ್ಲಿ ‘ಅಧ್ಯಕ್ಷ’ ಎಂದು ಬರೆದ. ಆಮೇಲೆ ರಿಜಿಸ್ಟರು ಕಂಕುಳಲ್ಲಿ ಇಟ್ಟುಕೊಂಡು, ತುಂಬಿದ ಕೊಡ ಹೆಗಲಿಗೇರಿಸಿ, ಅವಳ ಹಿಂದೆ ಮೆಟ್ಟಿಲು ಹತ್ತತೊಡಗಿದ.