ಕಳೆಗೆ ನೀರೆರೆದ ಮಾಲಿ

ಪಾತಿಯಲ್ಲಿ ಒಂದೇ ಒಂದು ಕಳೆ ಇಲ್ಲದ್ದೇ ಮಾಲಿಯ ಕುತ್ತಿಗೆಗೆ ಬಂತು.

ಕೃಷಿ ಕಾಲೇಜಿನ ಹಿತ್ತಲಲ್ಲಿದ್ದ ಆ ಪಾತಿ ಹಾಳುಬಿದ್ದಿದೆ ಎಂದುಕೊಂಡು ಅವನು ಜೋಳ ಬಿತ್ತಿದ್ದ. ತೆನೆ ಬರುವ ಮೊದಲೇ ಕೊಯ್ದು ಅಲ್ಲೇ ಹರಡಿದ್ದ. ಜೋಳದ ಬೇರು, ದಂಟಿನಿಂದ ಇಳಿಯುವ ರಸ ಕಳೆಯ ಬೀಜವನ್ನು ಮೊಳೆಯಗೊಡುವುದಿಲ್ಲ ಎಂಬ ಪ್ರೊಫೆಸರರ ಪಾಠವನ್ನು ಕಿಟಕಿಯಾಚೆ ನಿಂತು ಕೇಳಿದ್ದನಲ್ಲ! ಇದನ್ನು ನೋಡಿಯಾದರೂ ನೌಕರಿ ಕಾಯಂ ಮಾಡಿಯಾರು ಎಂಬ ಆಸೆ ಬಡಪಾಯಿಗೆ.

ಬೆಳಿಗ್ಗೆ ಗುಮಾಸ್ತ ಓಡಿಬಂದ. "ಅಯ್ಯೋ ಪುಣ್ಯಾತ್ಮ! ಅದು ಕಳೆ ಬೆಳೆಸೋ ಪಾತಿ ಕಣಯ್ಯ! ಮಧ್ಯಾಹ್ನ ಹುಡುಗರಿಗೆ ಕಳೆ ಗುರುತಿಸೋ ಪರೀಕ್ಷೆ. ಕಳೆ ಇಲ್ದಿದ್ರೆ ನಿನ್ನ ನೌಕರಿ ಕತೆ ಮುಗೀತು."

ಬೇಡವೆಂದಾಗ ಕಾಲಿಗೆ ತೊಡರುವ ಕಳೆ ಬೇಕೆಂದಾಗ ಸಿಕ್ಕೀತೇ? ಮಾಲಿ ತನ್ನ ಪಕ್ಕದ ಮನೆಯ ಅಜ್ಜಿಯ ಬಾಗಿಲಿಗೆ ಓಡಿದ.

"ಕಳೆನಾ? ನನ್ನಂಗಳದ್ದು ನೀನೇ ಬೇರುಸಮೇತ ಕಿತ್ತು, ಇನ್ಮುಂದೆ ಬಾರದ ಹಾಗೆ ಉಪಾಯ ಬೇರೆ ಹೇಳಿ ಹೋದ್ಯಲ್ಲೋ!" ಎಂದ ಅಜ್ಜಿ, ಅಷ್ಟಕ್ಕೇ ಬಿಡದೆ ಬೀದಿಗೆಲ್ಲ ಕೇಳುವಂತೆ ಕೂಗಿದಳು, "ಬನ್ರೋ, ಇವನಿಗೇನೋ ಆಗಿದೆ!"

ದರ್ಜಿ ನೆತ್ತಿಗೆ ತಣ್ಣೀರು ತಟ್ಟಿದ. ಕ್ಷೌರಿಕ, ಕೂದಲು ತೆಗೆದರೆ ತಲೆ ಸರಿಹೋಗುತ್ತದೆಂದು ಕತ್ತರಿಯನ್ನೇ ತಂದ. ಅವರಿಂದ ಬಿಡಿಸಿಕೊಂಡು ಮಾಲಿ ಕಳೆ ಕೀಳಲು ಚರಂಡಿಗಿಳಿದ. ಕೈಗೆ ಮುಳ್ಳು ಚುಚ್ಚಿತು, ಚಪ್ಪಲಿ ಕೆಸರಲ್ಲೇ ಉಳಿಯಿತು. ಬಾಗಿಲಲ್ಲಿ ನಿಂತು ನೋಡಿದ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುಳ್ಳಿಗಿಂತ ಅದೇ ಹೆಚ್ಚು ನೋಯಿತು.

ಕಾಲೇಜಿಗೆ ಮರಳಿ ದಂಟನ್ನೆಲ್ಲ ಬಾಚಿ ಎಸೆದ. ಸಾಲಾಗಿ ಕಳೆ ನೆಟ್ಟು ನೀರೆರೆದ. ಜನ್ಮವೆಲ್ಲ ಕಳೆ ಕಿತ್ತವನಿಗೆ ಅದನ್ನೇ ನೆಡುವಾಗ ಅಳು ಬಂತು.

ಮಧ್ಯಾಹ್ನ ಪ್ರೊಫೆಸರರು ಪರೀಕ್ಷಕರನ್ನೂ ಹುಡುಗರನ್ನೂ ಕರೆತಂದರು. "ಕಳೆ ಪರೀಕ್ಷೆ ಮುಂದಕ್ಕೆ ಹಾಕಿದೀನಿ ಸರ್. ನಿನ್ನೆ ಈ ಪಾತಿ ನೋಡಿ ಬೆರಗಾದೆ. ಔಷಧಿ ಹೊಡೀದೆ, ಬರೀ ಜೋಳದಿಂದ ಒಂದು ಕಳೆನೂ ಇಲ್ಲ! ಇದನ್ನ ಮಾಡಿದ ಮಾಲಿನ ಇವತ್ತೇ ಕಾಯಂ..." ಅಷ್ಟರಲ್ಲಿ ಪಾತಿ ಕಣ್ಣಿಗೆ ಬಿತ್ತು.

ಪರೀಕ್ಷಕರು ಬಗ್ಗಿ ನೋಡಿದರು. "ಭೇಷ್! ಕಳೆ ಬಂದಿರೋದಷ್ಟೇ ಅಲ್ಲ, ಸಾಲಾಗಿ ಬೇರೆ ಬಂದಿದೆ. ಯಾರೋ ನೀರೂ ಹಾಕಿದಾರೆ."

ಹುಡುಗರು ಗೊಳ್ಳೆಂದು ನಕ್ಕರು. ಗುಮಾಸ್ತ ಆಕಾಶ ನೋಡುತ್ತಿದ್ದ. ಪ್ರೊಫೆಸರರು ಮಾತ್ರ ಮಾಲಿಯತ್ತ ತಿರುಗಿ, "ನಾಳೆಯಿಂದ ಬರ್ಬೇಡ" ಎಂದರು.

ಸಂಜೆ ಬರಿಗಾಲಲ್ಲಿ ಬಂದವನನ್ನು ಅಜ್ಜಿ ತಡೆದಳು. "ಕಳೆ ಸಿಕ್ತೇನೋ?"

"ಸಿಕ್ತು ಅಜ್ಜಿ. ಕೆಲಸ ಹೋಯ್ತು. ನಿಮ್ಮಂಗಳದಲ್ಲಿ ಕಳೆ ಕೀಳೋ ಕೆಲಸ ಆದ್ರೂ ಇದ್ರೆ ಹೇಳಿ, ಮಾಡ್ಕೊಡ್ತೀನಿ."

"ಇನ್ನೆಲ್ಲಿಯ ಕಳೆಯಪ್ಪ?" ಅಂದಳು ಅಜ್ಜಿ. "ನಿನ್ನ ಮಾತು ಕೇಳಿ ಅಂಗಳದ ತುಂಬ ಜೋಳ ಬಿತ್ತಿದೀನಲ್ಲ!"